ಡ್ರಾಪ್ಸ್ ಹಾಕುವ ಮೊದಲು ಕೆಳಗಿನ ರೆಪ್ಪೆ ಎಳೆದು ನೋಡಿ

ಅಕ್ಕನ ಮಗನಿಗೆ ಆಗ 4 ವರ್ಷ. ಬದಿಯಡ್ಕದ ನಮ್ಮ ಮನೆಗೆ ಬಂದಿದ್ದ. ಬೆಳಿಗ್ಗೆ ಎದ್ದಾಗ ಬಲಗಣ್ಣಿನ ಬಿಳಿ ಭಾಗದಲ್ಲಿ ಎಲೆಅಡಿಕೆ ರಸ ಚೆಲ್ಲಿದ ಹಾಗೆ ಕೆಂಪು. "ಕೆಂಗಣ್ಣು ಮಗಾ, ನಂದಿಬಟ್ಟಲು ಹೂವಿನ ನೀರು ಬಿಡುವಾ" ಅಂದರು ಅಮ್ಮ. ನಾನು ಬೇಡವೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಡ್ರಾಪ್ಸ್ ಬರೆದು ಎರಡೇ ನಿಮಿಷದಲ್ಲಿ ಕಳಿಸಿದರು.

ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಗೀಜು ಇರಲಿಲ್ಲ, ತುರಿಕೆ ಇರಲಿಲ್ಲ. ಮೊಣಕಾಲಿನ ಕೆಳಗೆ ಮಾತ್ರ ನೀಲಿ ಕಲೆಗಳು. ಅಂಗನವಾಡಿಯಲ್ಲಿ ಬಿದ್ದಿರಬೇಕು ಅಂದುಕೊಂಡೆವು. ನಾಲ್ಕು ಹೆಜ್ಜೆ ನಡೆದರೆ ಎತ್ತಿಕೋ ಅನ್ನುತ್ತಿದ್ದ. ಅದನ್ನು ಹಟ ಅಂದೆವು.

ವಾರದ ನಂತರ ಮತ್ತೊಬ್ಬ ಡಾಕ್ಟರು ಅವನ ಕೆಳಗಿನ ರೆಪ್ಪೆ ಎಳೆದು ತೋರಿಸಿದರು. ಒಳಗೆ ಗುಲಾಬಿ ಬಣ್ಣ ಇರಬೇಕಿತ್ತು. ಸುಣ್ಣ ಬಳಿದ ಹಾಗೆ ಬಿಳಿಚಿತ್ತು. "ಇವತ್ತೇ ರಕ್ತ ಪರೀಕ್ಷೆ ಮಾಡಿಸಿ" ಅಂದರು. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್.

ಮೂಳೆಯ ಮಜ್ಜೆಯಲ್ಲಿ ಕೆಟ್ಟ ಕಣಗಳು ತುಂಬಿಕೊಂಡರೆ ಒಳ್ಳೆಯ ಕಣಗಳಿಗೆ ಜಾಗ ಇರುವುದಿಲ್ಲ. ಕೆಂಪು ಕಣ ಕಡಿಮೆಯಾದರೆ ರೆಪ್ಪೆಯ ಒಳಭಾಗ ಬಿಳಿಚುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾದರೆ ಕಣ್ಣಲ್ಲೂ ಚರ್ಮದಲ್ಲೂ ರಕ್ತ ಒಸರುತ್ತದೆ. ಕಣ್ಣಿನ ಹಿಂಭಾಗದ ರೆಟಿನಾದಲ್ಲೂ ಒಸರಬಹುದು, ಆ ರಕ್ತದ ಕೆಲವು ಕಲೆಗಳ ನಟ್ಟನಡುವೆ ಬಿಳಿ ಚುಕ್ಕಿ ಇರುತ್ತದೆ. ಅದು ಹೊರಗಿನಿಂದ ಕಾಣುವುದಿಲ್ಲ, ಡಾಕ್ಟರು ಕಣ್ಣಿಗೆ ಔಷಧಿ ಹಾಕಿ ಪಾಪೆ ಅಗಲ ಮಾಡಿ ನೋಡಬೇಕು. ಕೆಲವು ಮಕ್ಕಳಲ್ಲಿ ಒಂದು ಕಣ್ಣು ಮುಂದಕ್ಕೆ ಉಬ್ಬುತ್ತದೆ, ಇಲ್ಲವೇ ಹೊಸದಾಗಿ ಮೆಳ್ಳೆಗಣ್ಣು ಬರುತ್ತದೆ. ಕಣ್ಣು ಮಂಜಾದರೂ ಚಿಕ್ಕ ಮಕ್ಕಳು ಹೇಳುವುದಿಲ್ಲ ಅಲ್ವಾ, ಟಿವಿಗೆ ಅಂಟಿಕೊಂಡು ಕೂರುತ್ತಾರೆ ಅಷ್ಟೇ. (ಫೋಟೊದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಅದು ಬೇರೆ ವಿಷಯ, ಕಣ್ಣಿನದೇ ಕ್ಯಾನ್ಸರ್ ಇರಬಹುದು. ಅದಕ್ಕೂ ತಡ ಮಾಡಬೇಡಿ.)

ಹೆದರಿಸಲು ಬರೆಯುತ್ತಿಲ್ಲ. ಕೆಂಪಾದ ಕಣ್ಣುಗಳಲ್ಲಿ ಹೆಚ್ಚಿನವು ಸಾದಾ ಕೆಂಗಣ್ಣೇ. ಆದರೆ ಕೆಂಪಿನ ಜೊತೆ ನೀಲಿ ಕಲೆ, ಬಿಳಿಚಿದ ಮುಖ, ಬಿಡದ ಜ್ವರ, ಕಾಲುನೋವು ಇದ್ದರೆ ಡ್ರಾಪ್ಸ್ ಹಿಡಿದುಕೊಂಡು ಸುಮ್ನೆ ಬರಬೇಡಿ. "ಡಾಕ್ಟ್ರೇ, ಸಿಬಿಸಿ ಮಾಡಿಸಬಹುದಾ?" ಅಂತ ಕೇಳಿ. ಸಿಬಿಸಿ ಅಂದರೆ ರಕ್ತದ ಕಣಗಳನ್ನು ಎಣಿಸುವ ಪರೀಕ್ಷೆ. ಕೇಳಲು ಸಂಕೋಚ ಯಾಕೆ? ಮಕ್ಕಳಲ್ಲಿ ಜಾಸ್ತಿ ಕಾಣುವ ಲ್ಯುಕೇಮಿಯಾ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಚಿಕಿತ್ಸೆ ಮಾತ್ರ ಎರಡು ಮೂರು ವರ್ಷ.

ನಮ್ಮ ಹುಡುಗನಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಕೂದಲು ಮತ್ತೆ ಬಂದಿದೆ, ಈ ಸಲ ಗುಂಗುರು. ಮಂಗಳವಾರ ಮತ್ತೆ ಹೋಗಬೇಕು, ಬೆಳಗಿನ ರೈಲಿಗೆ. ಕಿಟಕಿ ಪಕ್ಕದ ಸೀಟು ತನಗೇ ಅಂತ ಈಗಲೇ ಹೇಳಿಟ್ಟಿದ್ದಾನೆ.