ಚೀಟಿಯಲ್ಲಿ ಗಂಟೆ ಬರೆಯಿರಿ

ತಿಂಗಳು ತುಂಬದೆ ನೋವು ಬಂದ ಬಸುರಿಯನ್ನು ಸಕಲೇಶಪುರದಿಂದ ಹಾಸನಕ್ಕೋ, ಮೂಡಿಗೆರೆಯಿಂದ ಚಿಕ್ಕಮಗಳೂರಿಗೋ ಕಳಿಸುವಾಗ ರೆಫರಲ್ ಚೀಟಿಯಲ್ಲಿ ‘ನೋವು ನಿಲ್ಲಲು ಇಂಜೆಕ್ಷನ್ ಕೊಟ್ಟಿದೆ’ ಎಂದಷ್ಟೇ ಇದ್ದರೆ ಅದು ಬರೆದೂ ಬರೆಯದ ಹಾಗೆ. ಯಾವ ಮದ್ದು, ಎಷ್ಟು, ನಿಲ್ಲಿಸಿದ್ದು ಯಾವಾಗ? ಸಿಸೇರಿಯನ್‌ಗೆ ಅರಿವಳಿಕೆ ಕೊಡುವವರಿಗೆ ಬೇಕಾದದ್ದು ಇದು.

ನೋವು ನಿಲ್ಲಿಸಲು ಟರ್ಬುಟಾಲಿನ್, ರಿಟೊಡ್ರಿನ್ ಎಂಬ ಮದ್ದುಗಳ ಡ್ರಿಪ್ ಹಾಕಿದರೆ ರಕ್ತದ ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಸೇರಿಕೊಳ್ಳುತ್ತದೆ. ಸಕ್ಕರೆ ಏರುತ್ತದೆ, ಅದರ ಬೆನ್ನಿಗೇ ಇನ್ಸುಲಿನ್ ಬಂದು ಇನ್ನಷ್ಟು ಒಳಗೆ ತಳ್ಳುತ್ತದೆ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ 2.8ಕ್ಕೆ (ಲೀಟರಿಗೆ ಮಿಲಿ ಈಕ್ವಿವಲೆಂಟ್) ಇಳಿದದ್ದು ಕಂಡ ಕೂಡಲೇ ಕೈ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಆಂಪೂಲಿಗೆ ಹೋಗುವುದು ಸಹಜ. ತಡೆಯಿರಿ. ಪೊಟ್ಯಾಸಿಯಂ ಮೈ ಬಿಟ್ಟು ಹೋಗಿಲ್ಲ, ಒಳಗೆ ಅವಿತಿದೆ ಅಷ್ಟೆ. ಡ್ರಿಪ್ ನಿಂತ ಕೆಲವೇ ಗಂಟೆಗಳಲ್ಲಿ ವಾಪಸ್ ಬರುತ್ತದೆ, ಕೆಲವೊಮ್ಮೆ ಮೊದಲಿದ್ದ ಮಟ್ಟವನ್ನೂ ದಾಟುತ್ತದೆ. ಹತ್ತು ಮಿಲಿಯ ಒಂದು ಆಂಪೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ಅದೂ ಮೇಲೆ ಬಿದ್ದರೆ? ಜನರಲ್ ಅನಸ್ತೇಶಿಯಾದಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಪೊಟ್ಯಾಸಿಯಂ ಅನ್ನು ಇನ್ನೂ ಸುಮಾರು 0.5 ಏರಿಸುತ್ತದೆ. ಪೊಟ್ಯಾಸಿಯಂ ಏರಿ ಇಸಿಜಿ ಮಾನಿಟರಿನಲ್ಲಿ ಟಿ ಅಲೆ ಮೊನಚಾಗಿ ಎದ್ದು, ಕ್ಯೂಆರ್‌ಎಸ್ ಅಲೆ ಅಗಲವಾಗತೊಡಗಿದರೆ ಕ್ಯಾಲ್ಸಿಯಂ ಗ್ಲುಕೊನೇಟ್ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಪೊಟ್ಯಾಸಿಯಂ ಇಳಿದು ಎದೆಬಡಿತ ತಪ್ಪುತ್ತಿದ್ದರೆ ಅಥವಾ ಅದು 2.5ಕ್ಕಿಂತ ಕೆಳಗಿದ್ದರೆ ಮಾತ್ರ ಪೊಟ್ಯಾಸಿಯಂ ಕೊಡಬೇಕು, ಆದರೆ ಡ್ರಿಪ್‌ನಲ್ಲಿ ಬೆರೆಸಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್‌ನಂತೆ. ನೇರ ಸಿರಿಂಜಿನಲ್ಲಿ ಎಂದೂ ಅಲ್ಲ.

ಮಗುವಿನ ಮೆದುಳಿನ ರಕ್ಷಣೆಗೆ ಕೊಡುವ ಮ್ಯಾಗ್‌ಸಲ್ಫ್, ಅಂದರೆ ಮೆಗ್ನೀಸಿಯಂ ಸಲ್ಫೇಟ್ (ಮೊದಲು 4 ಗ್ರಾಂ ನಿಧಾನವಾಗಿ, ಆಮೇಲೆ ಗಂಟೆಗೆ 1 ಗ್ರಾಂ) ಕ್ಯಾಲ್ಸಿಯಂ ಇಳಿಸುತ್ತದೆ, ವೆಕ್ಯುರೋನಿಯಂ ಥರದ ಸ್ನಾಯು ಸಡಿಲಿಸುವ ಮದ್ದುಗಳ ಪ್ರಭಾವವನ್ನು ಉದ್ದ ಎಳೆಯುತ್ತದೆ, ಗರ್ಭಕೋಶ ಗಟ್ಟಿಯಾಗಲು ಬಿಡುವುದಿಲ್ಲ. ಮೂತ್ರ ಗಂಟೆಗೆ 30 ಮಿಲಿಗಿಂತ ಇಳಿದರೆ ಮದ್ದು ಮೈಯಲ್ಲೇ ಉಳಿಯುತ್ತದೆ. ಇಲ್ಲೊಂದು ಎಡವಟ್ಟು ಸುಲಭ: ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಟ್ಟ ಮೇಲೆ ಮೆಗ್ನೀಸಿಯಂ ಹೆಚ್ಚಾಯಿತೇ ಎಂದು ಮೊಣಕಾಲಿಗೆ ಸುತ್ತಿಗೆ ಬಡಿದು ನೋಡಿ ಪ್ರಯೋಜನವಿಲ್ಲ, ಕಾಲು ಹೇಗೂ ಮರಗಟ್ಟಿರುತ್ತದೆ. ಮೊಣಕೈ ಮಡಚಿನಲ್ಲಿ ನೋಡಿ, ಉಸಿರು ಎಣಿಸಿ. ಉಸಿರು ಕುಗ್ಗಿದರೆ ಮೆಗ್ನೀಸಿಯಂ ನಿಲ್ಲಿಸಿ, 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲಿ ನಿಧಾನವಾಗಿ ಕೊಡಿ, ಆಕ್ಸಿಜನ್ ಹಾಕಿ.

ನೋವು ನಿಲ್ಲಿಸಲು ನನ್ನ ಮತ ನಿಫೆಡಿಪಿನ್ ಎಂಬ ಮದ್ದಿಗೆ. ಬಿಪಿ ಇಳಿಸುತ್ತದೆ, ಮೆಗ್ನೀಸಿಯಂ ಜೊತೆಗಂತೂ ಎಚ್ಚರ ಬೇಕು, ಆದರೆ ಪೊಟ್ಯಾಸಿಯಂ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಟರ್ಬುಟಾಲಿನ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ.

ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ಮಳೆಗಾಲದಲ್ಲಿ ಆ ದಾರಿ ಎಷ್ಟು ಹೊತ್ತು ಹಿಡಿಯುತ್ತದೋ, ಪೊಟ್ಯಾಸಿಯಂ ತಿರುಗಿ ಏರುವುದೂ ಅದೇ ಹೊತ್ತಿನಲ್ಲಿ. ಆದ್ದರಿಂದ ಚೀಟಿಯಲ್ಲಿ ಒಂದೇ ಸಾಲು: ‘ಟರ್ಬುಟಾಲಿನ್ ಡ್ರಿಪ್, ನಿಲ್ಲಿಸಿದ್ದು ಸಂಜೆ 4.10. ಮ್ಯಾಗ್‌ಸಲ್ಫ್ 4 ಗ್ರಾಂ, 3.30ಕ್ಕೆ.’ ಬರೆಯಲು ಪುರುಸೊತ್ತಿಲ್ಲದಿದ್ದರೆ ಖಾಲಿ ಆಂಪೂಲುಗಳನ್ನು ಒಂದು ಕವರಿಗೆ ಹಾಕಿ, ಮೇಲೆ ಗಂಟೆ ಗೀಚಿ, ಜೊತೆಗೆ ಬರುವ ಆಶಾ ಅಕ್ಕನ ಕೈಗೆ ಕೊಡಿ.