ದುಡ್ಡು ತಗೊಂಡರೆ ನರ್ಸ್, ಬಿಟ್ಟಿ ಮಾಡಿದರೆ ಫ್ರೆಂಡ್

ನಿನ್ನೆ ರಾತ್ರಿ 50 ಡಾಲರಿನ ಒಂದು ಗಿಫ್ಟ್ ಕಾರ್ಡ್ ನೋಡಿ ಹಾವು ಕಂಡವಳ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡೆ. ಕೊಡಲು ಬಂದವಳು ಗಾಬರಿಯಾದಳು. "ಯಾಕಕ್ಕ, ಕಡಿಮೆ ಆಯ್ತಾ?" ಅಂದಳು ಪಾಪ. ಕಡಿಮೆ ಆಗಿರಲಿಲ್ಲ. ಅದನ್ನು ತಗೊಂಡರೆ ನಾನು ನರ್ಸ್ ಆಗಿಬಿಡುತ್ತೇನೇನೋ ಅಂತ ಹೆದರಿಕೆ. ಒಂಬತ್ತು ವರ್ಷ ನರ್ಸ್ ಆಗಿದ್ದವಳಿಗೆ ಈಗ ಆ ಹೆಸರೇ ಹೆದರಿಕೆ.

ವಿಷಯ ಇಷ್ಟು. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ದಾವಣಗೆರೆ ಕಡೆಯವರ ಮನೆ ಇದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಗಂಡನ ತಾಯಿ. ಆ ಅಜ್ಜಿಗೆ ಹೋದ ತಿಂಗಳು ಸ್ಟ್ರೋಕ್ ಆಯಿತು. ನುಂಗೋಕೆ ಆಗಲ್ಲ ಅಂತ ಹೊಟ್ಟೆಗೆ ನೇರವಾಗಿ ಟ್ಯೂಬ್ ಹಾಕಿದ್ದಾರೆ. ಡಿಸ್ಚಾರ್ಜ್ ದಿನ ಸೊಸೆ ನನ್ನನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅವಳು ಸಾಫ್ಟ್‌ವೇರ್ ಟೆಸ್ಟರ್. ಮಗನ ಮೊಣಕಾಲು ತರಚಿದರೆ ತಾನೇ ಸೋಫಾ ಹಿಡಿದು ಕೂರುವ ಹುಡುಗಿ.

ಅವಳಿಗೆ ಅಲ್ಲಿನ ನರ್ಸ್ ಇಪ್ಪತ್ತು ನಿಮಿಷದಲ್ಲಿ ಎಲ್ಲ ಕಲಿಸಿದಳು. ತಲೆ ಕಡೆ ಎತ್ತರ ಮಾಡಿ. ದೊಡ್ಡ ಸಿರಿಂಜ್ ಸಿಕ್ಕಿಸಿ. ಮೊದಲು ನೀರು, ಆಮೇಲೆ ಫೀಡ್ ಅಂದರೆ ದ್ರವ ಆಹಾರ, ಮತ್ತೆ ನೀರು. ಕ್ಲ್ಯಾಂಪ್ ಹಾಕಿ. ಕೂಡಲೇ ಚಪ್ಪಟೆ ಮಲಗಿಸಬೇಡಿ. ಚೆನ್ನಾಗಿಯೇ ಹೇಳಿಕೊಟ್ಟಳು, ಅವಳ ಮೇಲೆ ನನಗೇನೂ ದೂರಿಲ್ಲ. ಸೊಸೆ ಒಂದು ಕೈಯಲ್ಲಿ ಸಿರಿಂಜ್, ಒಂದು ಕೈಯಲ್ಲಿ ಫೋನ್ ಹಿಡಿದು ವಿಡಿಯೊ ಮಾಡಿಕೊಂಡಳು. ಕ್ಲ್ಯಾಂಪ್ ಹಾಕೋದು ಮರೆತು ಟ್ಯೂಬ್ ಕೆಳಗಿಳಿಸಿದಳು. ಒಳಗೆ ಹೋಗಿದ್ದ ಫೀಡ್ ಎಲ್ಲ ಹಾಸಿಗೆ ಮೇಲೆ.

ನನ್ನ ಕೈ ತಾನಾಗಿ ಮುಂದೆ ಹೋಯಿತು. ಟ್ಯೂಬ್ ಮಡಚಿ ಹಿಡಿದೆ. ನರ್ಸ್ ನನ್ನ ಕೈ ನೋಡಿ, ಆಮೇಲೆ ಮುಖ ನೋಡಿದಳು. ನೀವು ಯಾರು ಅಂತ ಕೇಳಿದಳು.

"ಫ್ರೆಂಡ್" ಅಂದೆ.

ಅವಳು "ಓ, ಒಳ್ಳೇದಾಯ್ತು" ಅನ್ನೋ ಥರ ನಕ್ಕು ಮುಂದಿನ ಪೇಷೆಂಟ್ ಹತ್ತಿರ ಹೋದಳು. ನಾನು ಆ ಒಂದು ಪದ ಬಾಯಲ್ಲಿಟ್ಟುಕೊಂಡು ಮನೆಗೆ ಬಂದೆ.

ನನ್ನ ಕಥೆ ನಿಮಗೆಲ್ಲ ಗೊತ್ತು, ಎಷ್ಟು ಸಲ ಇಲ್ಲೇ ಗೋಳಾಡಿಲ್ಲ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್, ಆಮೇಲೆ ಒಂಬತ್ತು ವರ್ಷ ಐಸಿಯು. ಇಲ್ಲಿ ವರ್ಕ್ ಪರ್ಮಿಟ್ ಇದೆ, ಲೈಸೆನ್ಸ್ ಇಲ್ಲ. ಲೈಸೆನ್ಸ್‌ಗೆ ಎನ್‌ಕ್ಲೆಕ್ಸ್ ಪರೀಕ್ಷೆ ಬರೆಯಬೇಕು. ಪರೀಕ್ಷೆಗೆ ಕೂರೋಕೆ ಅರ್ಹತೆ ಒಪ್ಪಿಸಬೇಕು. ಅದಕ್ಕೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಏನೇನು ಓದಿದೆ ಅನ್ನೋ ದಾಖಲೆ, ಓದಿದ ಕಡೆಯಿಂದಲೇ ನೇರವಾಗಿ ಬರಬೇಕು, ನನ್ನ ಕೈಲಿರೋ ಕಾಪಿ ನಡೆಯಲ್ಲ. ನಾನು ಓದಿದ ಕಾಲೇಜಿನ ಆಫೀಸಿನಲ್ಲಿ ಒಬ್ಬರು ಮಹಾನುಭಾವರಿದ್ದಾರೆ. ಎರಡು ವರ್ಷದಿಂದ "ಮುಂದಿನ ವಾರ ಕಳಿಸ್ತೀವಿ ಮೇಡಂ" ಅಂತಲೇ ಇದ್ದಾರೆ. ಅವರ ಕ್ಯಾಲೆಂಡರಿನಲ್ಲಿ ಮುಂದಿನ ವಾರ ಅನ್ನೋದು ಬರೋದೇ ಇಲ್ಲ. ಕಾಗದ ಬಂದರೂ ಮುಗಿಯಲ್ಲ. ಕ್ಯಾಲಿಫೋರ್ನಿಯಾದ ನಿಯಮದ ಪ್ರಕಾರ ಹೆರಿಗೆ, ಮಕ್ಕಳು, ಮಾನಸಿಕ, ಇಂಥ ವಿಷಯಗಳಲ್ಲಿ ಪಾಠವೂ ವಾರ್ಡಿನ ಪೋಸ್ಟಿಂಗೂ ಜೊತೆಜೊತೆಯಲ್ಲೇ ನಡೆದಿರಬೇಕು. ಈ ಸೆಮಿಸ್ಟರ್ ಪಾಠ, ಮುಂದಿನ ಸೆಮಿಸ್ಟರ್ ಪೋಸ್ಟಿಂಗ್ ಅಂದರೆ ಆಗಲ್ಲ. ನಮ್ಮಲ್ಲಿ ಯಾವಾಗ ಬಸ್ ಸಿಗುತ್ತೋ ಆಗ ಪೋಸ್ಟಿಂಗ್! ಮಜಾ ಅಂದರೆ ಆ ಎನ್‌ಕ್ಲೆಕ್ಸ್ ಬರೆಯುವ ಸೆಂಟರ್ ಬೆಂಗಳೂರಿನಲ್ಲೇ ಇದೆ. ಪರೀಕ್ಷೆ ನಮ್ಮೂರಿಗೆ ಬಂತು, ನಾನು ಪರೀಕ್ಷೆಯ ಊರಿಗೆ ಬಂದೆ, ಇಬ್ಬರ ಭೇಟಿ ಮಾತ್ರ ಆಗಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಟ್ಯೂಬ್ ಮುಟ್ಟಿದ್ದು ತಪ್ಪಾಯ್ತಾ ಅಂತ ತಲೆಯಲ್ಲಿ ಕೊರೀತಾ ಇತ್ತು. ಎದ್ದು ಕೂತು ಇಲ್ಲಿನ ನರ್ಸಿಂಗ್ ಪ್ರ್ಯಾಕ್ಟೀಸ್ ಆ್ಯಕ್ಟ್ ತೆಗೆದೆ. ಅದರಲ್ಲಿ 2727 ಅಂತ ಒಂದು ಸೆಕ್ಷನ್ ಇದೆ. ಲೈಸೆನ್ಸ್ ಇಲ್ಲದೆ ಯಾರು ಯಾರು ಏನು ಮಾಡಬಹುದು ಅನ್ನೋ ವಿನಾಯಿತಿಯ ಪಟ್ಟಿ. ಓದುತ್ತಾ ಓದುತ್ತಾ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು.

ಮೊದಲನೇ ವಿನಾಯಿತಿ, ಮನೆಯವರು ಅಥವಾ ಸ್ನೇಹಿತರು ದುಡ್ಡಿಲ್ಲದೆ ಮಾಡುವ ಶುಶ್ರೂಷೆ. ಸರಿ. ಎರಡನೆಯದು ಮನೆಗೆಲಸದವರು ಕೆಲಸದ ನಡುವೆ ಮಾಡುವ ಸಣ್ಣಪುಟ್ಟ ಆರೈಕೆ. ಅದೂ ಸರಿ. ಮೂರನೆಯದು ಮನೆಮದ್ದು. ಹೌದ್ರೀ, ನಮ್ಮಜ್ಜಿಯ ಓಂಕಾಳಿನ ಕಷಾಯಕ್ಕೂ ಕ್ಯಾಲಿಫೋರ್ನಿಯಾ ಸರ್ಕಾರ ಜಾಗ ಕೊಟ್ಟಿದೆ. ನಾಲ್ಕನೆಯದು ತುರ್ತು ಪರಿಸ್ಥಿತಿ, ಸಾಂಕ್ರಾಮಿಕ ರೋಗವೂ ಅದರಲ್ಲಿ ಸೇರುತ್ತೆ. ಬೇರೆ ಸೆಕ್ಷನ್‌ಗಳಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಒಂದು ವಿನಾಯಿತಿ, ತಮ್ಮ ಧರ್ಮದ ನಂಬಿಕೆ ಪ್ರಕಾರ ರೋಗಿಗಳನ್ನು ನೋಡಿಕೊಳ್ಳುವವರಿಗೆ ಇನ್ನೊಂದು.

ಐದನೆಯದು ಓದಿದಾಗ ಫೋನ್ ಹಾಸಿಗೆ ಮೇಲೆ ಎಸೆದೆ. ಡಾಕ್ಟರ್ ಬರೆದುಕೊಟ್ಟ ಆರ್ಡರ್ ಪ್ರಕಾರ ರೋಗಿಯ ಆರೈಕೆಯನ್ನು ಯಾರು ಬೇಕಾದರೂ ಮಾಡಬಹುದಂತೆ. ಯಾರು ಬೇಕಾದರೂ! ಒಂದೇ ಷರತ್ತು. ತಾನು ತರಬೇತಾದ ನರ್ಸ್ ಅಂತ ಯಾವ ರೀತಿಯಲ್ಲೂ ತೋರಿಸಿಕೊಳ್ಳಬಾರದು.

ಇನ್ನೊಂದು ಸಲ ಓದಿ ಅದನ್ನ. ಎದುರು ಮನೆಯ ಪ್ಲಂಬರ್ ಬಂದು ಅಜ್ಜಿಗೆ ಟ್ಯೂಬಿನಲ್ಲಿ ಫೀಡ್ ಹಾಕಿ ದುಡ್ಡು ತಗೊಂಡು ಹೋಗಬಹುದು. ಅವನು ನರ್ಸ್ ಅಂತ ಯಾರೂ ಅಂದುಕೊಳ್ಳಲ್ಲ. ನಾನು? ಈ ಬೀದಿಯ ಕನ್ನಡದವರಿಗೆಲ್ಲ ನಾನು ನರ್ಸ್ ಅಂತ ಗೊತ್ತು. ನರ್ಸ್ ಅಂತಲೇ ನನ್ನನ್ನು ಕರೆಯೋದು. ಲೈಸೆನ್ಸ್ ಇಲ್ಲದೆ ನರ್ಸ್ ಅಂತ ಕಾರ್ಡ್ ಹಾಕಿಕೊಳ್ಳಬಾರದು, ಬೋರ್ಡ್ ಹಾಕಬಾರದು ಅಂತ ಇನ್ನೊಂದು ಸೆಕ್ಷನ್ ಹೇಳುತ್ತೆ. ನನಗೆ ಬೋರ್ಡ್ ಯಾಕೆ ಬೇಕು, ನಾನು ಟ್ಯೂಬ್ ಹಿಡಿಯೋ ರೀತಿಯೇ ಬೋರ್ಡು. ಗೊತ್ತಿಲ್ಲದವರಿಗೆ ವಿನಾಯಿತಿ, ಗೊತ್ತಿರುವವಳಿಗೆ ಗಂಡಾಂತರ. ನಾಳೆ ಲೈಸೆನ್ಸ್ ಅರ್ಜಿಯಲ್ಲಿ ಇದೇ ಒಂದು ಕಪ್ಪು ಚುಕ್ಕೆ ಆದರೆ? ವಕೀಲರು ಇಲ್ಲಮ್ಮ, ಅಷ್ಟೆಲ್ಲ ಆಗಲ್ಲ ಅನ್ನಬಹುದು. ಅವರ ಫೀಸ್ ಕೊಡೋಕೆ ನನಗೆ ಕೆಲಸ ಬೇಕಲ್ಲ.

ಇಲ್ಲಿ ಐಎಚ್‌ಎಸ್‌ಎಸ್ ಅಂತ ಒಂದು ಸರ್ಕಾರಿ ಯೋಜನೆಯೂ ಇದೆ. ಕಡಿಮೆ ಆದಾಯದ ವಯಸ್ಸಾದವರನ್ನು, ಅಂಗವಿಕಲರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ, ಸ್ವಂತ ಮಗನಿಗೂ ಕೊಡ್ತಾರೆ. ಡಾಕ್ಟರ್ ಒಂದು ಫಾರಂಗೆ ಸಹಿ ಹಾಕಿದರೆ ಇಂಜೆಕ್ಷನ್, ಕ್ಯಾಥೆಟರ್, ಸಕ್ಷನ್ (ಗಂಟಲಿನ ಕಫ ಎಳೆಯೋದು), ಟ್ಯೂಬ್ ಫೀಡ್ ಎಲ್ಲ ಅದರಲ್ಲಿ ಬರುತ್ತೆ. ಒಳ್ಳೆಯ ಯೋಜನೆ, ಮೆಚ್ಚಿದೆ. ನಮ್ಮ ದಾವಣಗೆರೆ ಅಜ್ಜಿಗೆ ಅದು ಸಿಗಲ್ಲ. ಆದರೆ ನೋಡಿ, ಅದೇ ಸಕ್ಷನ್ ಆಸ್ಪತ್ರೆಯ ಗೋಡೆಯೊಳಗೆ ಮಾಡೋಕೆ ಲೈಸೆನ್ಸ್ ಬೇಕು. ಮನೆಯ ಹಾಲ್‌ನಲ್ಲಿ ಟಿವಿ ಪಕ್ಕ ಮಾಡೋಕೆ ಪ್ರೀತಿ ಇದ್ದರೆ ಸಾಕು.

"ರೋಗಿಯ ಸುರಕ್ಷತೆ ಮುಖ್ಯ ಅಲ್ವಾ, ಲೈಸೆನ್ಸ್ ಸುಮ್ನೆ ಇಟ್ಟಿಲ್ಲ" ಅಂತ ಕಾಮೆಂಟ್ ಹಾಕೋಕೆ ಬೆರಳು ತುರಿಸ್ತಿದ್ದರೆ ತಡೀರಿ. ಅದನ್ನು ನನಗೇ ಹೇಳ್ತೀರಾ? ಬೆಂಗಳೂರಿನಲ್ಲಿ ಒಂದು ರಾತ್ರಿ ಡ್ಯೂಟಿಯಲ್ಲಿ ಪ್ರಜ್ಞೆ ಇಲ್ಲದ ಒಬ್ಬರು ಅಂಕಲ್ ಬಂದರು. ಶುಗರ್ ಪಾತಾಳಕ್ಕಿಳಿದಿತ್ತು. ವಿಚಾರಿಸಿದರೆ ಇನ್ಸುಲಿನ್ ಪೆನ್ ಕೆಟ್ಟಿತ್ತಂತೆ. ಪೆನ್ನಿನ ಕಾರ್ಟ್ರಿಜ್‌ನಿಂದಲೇ ಸಿರಿಂಜ್‌ಗೆ ಎಳೆದು ಕೊಟ್ಟಿದ್ದಾರೆ, ಅದೂ ಕೆಂಪು ಕ್ಯಾಪ್ ಸಿರಿಂಜ್‌ಗೆ. ಕೆಂಪು ಕ್ಯಾಪ್ ಇರೋದು 40ರ ಇನ್ಸುಲಿನ್‌ಗೆ, ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರೋದಕ್ಕೆ. ಪೆನ್ನಿನೊಳಗೆ ಇರೋದು 100ರದ್ದು. ಕೆಂಪು ಕ್ಯಾಪಿನ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗೋದು 50 ಯೂನಿಟ್. ಎರಡೂವರೆ ಪಟ್ಟು. ಇದೇ ಕಾರಣಕ್ಕೆ ನಾನು ಲೈಸೆನ್ಸ್ ಬೇಕು ಅಂತ ಗಂಟಲು ಹರಿಯುವಂತೆ ವಾದ ಮಾಡಿದವಳು.

ಆದರೆ ಆ ಇನ್ಸುಲಿನ್ ಕೊಟ್ಟಿದ್ದು ಯಾರು ಅಂದುಕೊಂಡಿರಿ? ಅನುಭವ ಇಲ್ಲದ ಹೋಮ್ ನರ್ಸ್ ಅಲ್ಲ. ಸ್ವಂತ ಮಗ, ಮೆಕ್ಯಾನಿಕಲ್ ಎಂಜಿನಿಯರ್. ಲೈಸೆನ್ಸ್ ಕೇಳುವ ಕಾನೂನು ಯಾವುದಿದ್ದರೂ ಮಗನ ಬಾಗಿಲಿಗೆ ಬರಲ್ಲ. ಹಾಗಾಗಿ ಸುರಕ್ಷತೆಯ ಮಾತು ಹೇಳಿ ನನ್ನ ಬಾಯಿ ಮುಚ್ಚಿಸಬೇಡಿ. ಗೆರೆ ಎಳೆದಿರೋದು ಯಾರಿಗೆ ಕೆಲಸ ಬರುತ್ತೆ ಅಂತ ನೋಡಿ ಅಲ್ಲ, ಯಾರು ಹೆಸರು ಹೇಳಿಕೊಂಡು ಸಂಬಳ ಕೇಳ್ತಾರೆ ಅಂತ ನೋಡಿ. ಸೊಸೆ, ಮಗಳು, ಫ್ರೆಂಡ್ ಮಾಡಿದರೆ ಅದು ನರ್ಸಿಂಗೇ ಅಲ್ಲ, ಸ್ವಭಾವ! ಕ್ಯಾಲಿಫೋರ್ನಿಯಾದಲ್ಲಿ ನರ್ಸ್‌ಗಳ ನೋಂದಣಿಗೆ ಮೊದಲ ಕಾನೂನು ಬಂದಿದ್ದು 1905ರಲ್ಲಿ. ಆಗ ಕಾಯಿಲೆಯವರು ಹೆಚ್ಚಾಗಿ ಮನೆಯಲ್ಲೇ ಮಲಗುತ್ತಿದ್ದರು, ಮನೆಯ ಹೆಂಗಸರೇ ನೋಡಿಕೊಳ್ಳುತ್ತಿದ್ದರು. ಅವರನ್ನೆಲ್ಲ ಜೈಲಿಗೆ ಹಾಕೋಕೆ ಆಗುತ್ತಾ? ವಿನಾಯಿತಿ ಬೇಕೇ ಬೇಕು. ಒಪ್ಪಿದೆ. ಆದರೆ ಆಗ ಹೊಟ್ಟೆಗೆ ಟ್ಯೂಬ್ ಹಾಕಿ, ಉಸಿರಾಡೋಕೆ ಗಂಟಲಿನಲ್ಲಿ ತೂತು ಮಾಡಿ (ಟ್ರಕಿಯಾಸ್ಟಮಿ) ನಾಲ್ಕನೇ ದಿನ ಮನೆಗೆ ಕಳಿಸ್ತಿರಲಿಲ್ಲ.

ಕೋವಿಡ್ ನೆನಪಾಗುತ್ತೆ. 2021ರ ಮೇ 3ರಂದು ಪ್ರಧಾನಿ ಕಚೇರಿಯ ಪ್ರಕಟಣೆ ಬಂತು. ಇಂಟರ್ನ್‌ಗಳು ಕೋವಿಡ್ ಡ್ಯೂಟಿಗೆ, ಫೈನಲ್ ಇಯರ್ ಎಂಬಿಬಿಎಸ್ ಹುಡುಗರು ಫೋನಿನಲ್ಲಿ ಸಲಹೆ ಕೊಡೋಕೆ, ನರ್ಸಿಂಗ್‌ನಲ್ಲಿ ಬಿಎಸ್ಸಿ ಇಲ್ಲವೇ ಜಿಎನ್‌ಎಂ ಡಿಪ್ಲೊಮಾ ಮುಗಿಸಿದವರು ಪೂರ್ತಿ ಡ್ಯೂಟಿಗೆ. ನೂರು ದಿನ ಮಾಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಅಂದರು. ನಾನು ಆಗ ಪಿಪಿಇ ಒಳಗೆ ಬೆವರಿ ಬೆಂದು ನಿಂತಿದ್ದೆ. ಬೆಂಕಿ ಬಿದ್ದಾಗ ಎಲ್ಲ ಬಾಗಿಲೂ ತೆರೆಯುತ್ತೆ. ಬೆಂಕಿ ಆರಿದ ಮೇಲೆ ಟ್ರಾನ್ಸ್‌ಕ್ರಿಪ್ಟ್ ಎಲ್ಲಿ ಅಂತಾರೆ.

ಇಷ್ಟು ಕೂಗಾಡಿದ ಮೇಲೆ ಒಂದು ಸತ್ಯ ಹೇಳಲೇಬೇಕು, ಇಲ್ಲಾಂದರೆ ನನ್ನ ತಂಗಿ ಕೆಳಗೆ ಬಂದು ಬರೀತಾಳೆ.

ತಿಪಟೂರಿನಲ್ಲಿ ಅಮ್ಮ ಹಾಸಿಗೆ ಹಿಡಿದು ಒಂದೂವರೆ ವರ್ಷ. ನೋಡಿಕೊಳ್ಳೋಕೆ ಏಜೆನ್ಸಿ ಕಡೆಯಿಂದ ಒಂದು ಹುಡುಗಿ ಇದ್ದಾಳೆ. ಪಿಯುಸಿ ಫೇಲ್. ತಿಂಗಳಿಗೆ 18 ಸಾವಿರ, ಕಳಿಸೋದು ನಾನು. ಏಜೆನ್ಸಿ ಅವಳಿಗೆ ಬಿಳಿ ಕೋಟು ಹಾಕಿಸಿ "ಹೋಮ್ ನರ್ಸ್" ಅಂತ ಹೆಸರಿಟ್ಟಿದೆ. ನಮ್ಮಲ್ಲೂ 1947ರಿಂದ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಇದೆ, ರಾಜ್ಯದಲ್ಲಿ ನೋಂದಣಿ ಇದೆ, ನನ್ನ ನಂಬರ್ ಇವತ್ತಿಗೂ ಬಾಯಿಪಾಠ. ಆ ಹುಡುಗಿಯ ನೋಂದಣಿ ನಾನು ಕೇಳಿದೆನಾ? ಕೇಳಲಿಲ್ಲ. ಐಸಿಯುನಲ್ಲಿದ್ದಾಗ ಇಂಥ ಹುಡುಗಿಯರನ್ನು ನೋಡಿ "ಕೋಟು ಹಾಕಿದ ಮಾತ್ರಕ್ಕೆ ಸಿಸ್ಟರ್ ಆಗಿಬಿಡ್ತಾರೆ" ಅಂತ ಮೂಗು ಮುರಿದವಳು ನಾನೇ. ಈಗ ದಿನಾ ರಾತ್ರಿ ವಿಡಿಯೊ ಕಾಲ್ ಮಾಡಿ ಅವಳಿಗೇ ಪಾಠ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು, ಹಿಮ್ಮಡಿ ಕೆಳಗೆ ದಿಂಬು ಇಡು, ಕ್ಯಾಥೆಟರ್ ಬ್ಯಾಗ್ ಮೇಲೆತ್ತಬೇಡ. "ಆಯ್ತಕ್ಕ" ಅಂತಾಳೆ, ಮಾಡ್ತಾಳೆ. ಅಮ್ಮನ ಬೆನ್ನಿನಲ್ಲಿ ಇವತ್ತಿನವರೆಗೆ ಒಂದು ಹುಣ್ಣಾಗಿಲ್ಲ. ಐಸಿಯುನಲ್ಲಿ ನಮಗೆ ಎಷ್ಟೋ ಸಲ ಇಷ್ಟು ಆಗಿಲ್ಲ.

ಅಮ್ಮ ಅವಳನ್ನು ಸಿಸ್ಟರ್ ಅಂತಲೇ ಕರೆಯೋದು. ಮೊನ್ನೆ ಯಾರೋ ನೋಡೋಕೆ ಬಂದಿದ್ದರಂತೆ, ಕಾಲ್ ಇನ್ನೂ ಕಟ್ ಆಗಿರಲಿಲ್ಲ. ಮಗಳು ಅಮೆರಿಕದಲ್ಲಿ ಏನು ಮಾಡ್ತಾಳೆ ಅಂತ ಕೇಳಿದರು. "ಅವಳು ಮನೇಲೇ ಇದಾಳೆ" ಅಂದರು ಅಮ್ಮ.

ಇರಲಿ ಬಿಡಿ.

ನಿನ್ನೆ ರಾತ್ರಿಯ ಕಥೆ ಬಾಕಿ ಇದೆ. ಹತ್ತು ಗಂಟೆಗೆ ಸೊಸೆಯ ಫೋನ್. "ಅಕ್ಕ, ಟ್ಯೂಬ್ ಬ್ಲಾಕ್ ಆಗಿದೆ, ನೀರೂ ಹೋಗ್ತಿಲ್ಲ." ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಮಗರಾಯ ತಲೆ ತಗ್ಗಿಸಿ ನಿಂತಿದ್ದ. ಅಮ್ಮನಿಗೆ ಆ ಡಬ್ಬಿ ಫೀಡ್ ಹಾಕೋಕೆ ಮನಸ್ಸು ಬರದೆ ರಾಗಿ ಗಂಜಿ ಮಾಡಿ, ಬಟ್ಟೆಯಲ್ಲಿ ಸೋಸಿ ಬಿಟ್ಟಿದ್ದಾನೆ. ರಾಗಿ ಟ್ಯೂಬಿನೊಳಗೆ ಗೋಡೆ ಕಟ್ಟಿಕೊಂಡು ಕೂತಿದೆ. ಬೈಯಬೇಕು ಅನ್ನಿಸಲಿಲ್ಲ. ಬೆಚ್ಚಗಿನ ನೀರು ತರಿಸಿ, ಸಿರಿಂಜ್‌ನಲ್ಲಿ ಮೆಲ್ಲಗೆ ತಳ್ಳೋದು, ಮೆಲ್ಲಗೆ ಎಳೆಯೋದು, ತಳ್ಳೋದು, ಎಳೆಯೋದು. ಜೋರು ಮಾಡಿದರೆ ಟ್ಯೂಬ್ ಹೋಗುತ್ತೆ. ನಲವತ್ತು ನಿಮಿಷ ಆದ ಮೇಲೆ ಕಂದು ಬಣ್ಣದ ಒಂದು ಸಣ್ಣ ಉಂಡೆ ಸಿರಿಂಜ್‌ಗೆ ಬಂತು. ನೀರು ಇಳಿಯಿತು.

ಸ್ಟ್ರೋಕ್ ಆದಾಗಿನಿಂದ ಅಜ್ಜಿಗೆ ಮಾತು ಸರಿಯಾಗಿ ಹೊರಡಲ್ಲ. ಮಗನ ಹೆಸರೂ ತೊದಲುತ್ತೆ. ನನ್ನ ಮಣಿಕಟ್ಟು ಹಿಡಿದುಕೊಂಡು ಅರ್ಧ ಬಾಯಲ್ಲಿ "ನರ್ಸಮ್ಮ" ಅಂದರು. ಸ್ಪಷ್ಟವಾಗಿ ಅಂದರು. ಮನೆಯವರಿಗೆಲ್ಲ ಖುಷಿಯೋ ಖುಷಿ, ಮಾತು ಬಂತು ಅಂತ. ನಾನು ಕಿಟಕಿ ಮುಚ್ಚಿದೆಯಾ ಅಂತ ನೋಡಿದೆ.

ಆಗ ಬಂದಿದ್ದು ಆ ಗಿಫ್ಟ್ ಕಾರ್ಡ್. ಬೇಡ ಅಂದರೆ ಬೇಡ ಅಂದೆ. ಕೊನೆಗೆ ಒಂದು ಡಬ್ಬಿ ಚಕ್ಕುಲಿ ಕೈಗೆ ತುರುಕಿದಳು, ಅದನ್ನು ಬೇಡ ಅನ್ನೋಕೆ ಆಗಲಿಲ್ಲ. ದಾವಣಗೆರೆ ಬೆಣ್ಣೆ ಹಾಕಿದ್ದಂತೆ. ಚಕ್ಕುಲಿ ಸಂಬಳದ ಲೆಕ್ಕಕ್ಕೆ ಬರುತ್ತಾ, ಸ್ನೇಹದ ಲೆಕ್ಕಕ್ಕೆ ಬರುತ್ತಾ, ಇಲ್ಲಿನ ಕಾನೂನು ಗೊತ್ತಿರೋರು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಬೇಗ ಬನ್ನಿ, ಅರ್ಧ ಡಬ್ಬಿ ಆಗಲೇ ಖಾಲಿ.