ನೆರಳು ಅಂದರೆ ಆಸರೆ ಕೂಡ

ಅನಿಶ್ಚಿತ ಕಾಲಕ್ಕೆ ಐರಿಶ್ ತಾಯಂದಿರ ಮಾತು ಹೇಗೆ ಒದಗುತ್ತೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಖುಷಿಯಾಯಿತು. ಆದರೆ 'ಜನ ಬದುಕೋದು ಒಬ್ಬರ ನೆರಳಲ್ಲಿ ಇನ್ನೊಬ್ಬರು' ಅನ್ನೋ ಗಾದೆಯನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಲ್ಲ! ಅಲ್ಲಿರುವ 'ಸ್ಕಾ' ಅನ್ನೋ ಐರಿಶ್ ಪದಕ್ಕೆ ನೆರಳು, ಆಸರೆ ಎರಡೂ ಅರ್ಥ. ನಾವು 'ಅಜ್ಜಿಯ ನೆರಳಲ್ಲಿ ಬೆಳೆದವನು' ಅನ್ನಲ್ವಾ, ಹಾಗೆ.

ನೀವು ಬರೆದ ಇನ್ನೊಂದು ಗಾದೆ, 'ನಿನ್ನ ಪಾಲಿನದು ನಿನ್ನನ್ನು ದಾಟಿ ಹೋಗದು' ಅನ್ನೋದು ಮಾತ್ರ ನನಗೆ ಹಿಡಿಸಲ್ಲ. ಐರ್ಲೆಂಡಿನಲ್ಲಿ 1845ರಿಂದ ಶುರುವಾದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಆದರೂ ಅಲ್ಲಿನ ಧಾನ್ಯ ಹಡಗು ಹತ್ತಿ ಹೊರಗೆ ಹೋಗ್ತಾನೇ ಇತ್ತು. ಆಗ ಆಸರೆಯಾದವರಲ್ಲಿ ಅಮೆರಿಕದ ಚೋಕ್ಟಾ ಮೂಲನಿವಾಸಿಗಳೂ ಇದ್ದರು. ತಾವೇ ನೆಲ ಕಳೆದುಕೊಂಡಿದ್ದವರು 1847ರಲ್ಲಿ 170 ಡಾಲರ್ ಕೂಡಿಸಿ ಕಳಿಸಿದರು. ಅದನ್ನು ನೆನೆದು 2020ರಲ್ಲಿ ಎಷ್ಟೋ ಐರಿಶರು ಅಮೆರಿಕದ ಇತರ ಮೂಲನಿವಾಸಿಗಳಾದ ನವಾಹೋ, ಹೋಪಿ ಜನರ ಕೋವಿಡ್ ನಿಧಿಗೆ ದುಡ್ಡು ಹಾಕಿದರು.

ನಾನಿರೋದು ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕಡೆ. 2025ರ ಜನವರಿ 24ರಂದು ಎಯೋವಿನ್ ಬಿರುಗಾಳಿ ಗಂಟೆಗೆ 183 ಕಿ.ಮೀ. ವರೆಗಿನ ವೇಗದಲ್ಲಿ ಬೀಸಿದಾಗ ದೇಶದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಕಟ್ಟಡಗಳಿಗೆ ಕರೆಂಟ್ ಹೋಯಿತು. ನಮ್ಮದು ಪೂರ್ತಿ ಕರೆಂಟ್ ಒಲೆ. ಪಕ್ಕದ ಮನೆ ಅಜ್ಜಿ ತಮ್ಮ ಹಳೇ ಒಲೆಗೆ ಸೌದೆಯ ಹಾಗೆ ಉರಿಯುವ, ಜೌಗುಮಣ್ಣಿನ ಒಣಗಿದ ಇಟ್ಟಿಗೆ ತುರುಕಿ, ಮಸಿ ಹಿಡಿದ ಕೆಟಲ್ ಇಟ್ಟು ನಮ್ಮನ್ನೆಲ್ಲ ಕರೆದರು. ಮಗಳ ಹಾಲು, ನಮ್ಮ ಗಂಜಿ ಎರಡು ದಿನ ಅಲ್ಲೇ ಕಾದಿದ್ದು. ಅವರಮ್ಮನ ಕಾಲದಲ್ಲಿ ಹುಲ್ಲು ಕೊಯ್ಲಿಗೆ ಊರೇ ಸೇರುತ್ತಿತ್ತಂತೆ, 'ಮೆಹಲ್' ಅಂತಾರೆ. ನಮ್ಮಲ್ಲೂ ಮುಯ್ಯಾಳು ಅಂತ ಇದೆ ಅಂದೆ. ಅಜ್ಜಿ ಆ ಪದವನ್ನು ಮೂರು ಸಲ ಹೇಳಿಸಿಕೊಂಡು, ಕೊನೆಗೂ 'ಮುಯಾಲು' ಅಂದರು.